ಇಂಜೆಕ್ಷನ್ ನಿಲ್ಲಿಸಿದ ಮೇಲೆ ತೂಕ ವಾಪಸ್ ಬರ್ತಿದೆ, ಕೊಬ್ಬಿನ ಜೀನ್‌ಗೂ ಇದಕ್ಕೂ ಏನು ಸಂಬಂಧ?

ಬಟವಾಡಿ ಸುಮ

ಎಲ್ಲರಿಗೂ ನಮಸ್ಕಾರ. ನಮ್ಮ ತುಮಕೂರು ಕಡೆ ಡಾಕ್ಟ್ರು, ಸೈನ್ಸ್ ಓದಿದೋರು ಯಾರಾದ್ರೂ ಇದ್ರೆ ದಯವಿಟ್ಟು ಉತ್ತರ ಕೊಡಿ. ನಮ್ಮಕ್ಕ ಗುಬ್ಬೀಲಿ ಇರೋದು, ಶುಗರ್ ಇದೆ, ಮಂಡಿ ನೋವು ಬೇರೆ, ಡಾಕ್ಟ್ರು ವಾರಕ್ಕೊಂದು ಸೆಮಾಗ್ಲುಟೈಡ್ ಇಂಜೆಕ್ಷನ್ ಬರೆದುಕೊಟ್ಟಿದ್ರು. ವರ್ಷದ ಹತ್ತಿರ ತಗೊಂಡ್ಲು, ಚೆನ್ನಾಗೇ ಇಳಿದ್ಲು, ಮಂಡಿ ನೋವೂ ಎಷ್ಟೋ ಕಮ್ಮಿ ಆಗಿತ್ತು. ಆಮೇಲೆ ತಿಂಗಳಾ ತಿಂಗಳಾ ಅಷ್ಟು ದುಡ್ಡು ಹೊಂದಿಸಕ್ಕಾಗದೆ ನಿಲ್ಲಿಸಿಬಿಟ್ಲು. ಈಗ ಅರ್ಧಕ್ಕಿಂತ ಜಾಸ್ತಿ ತೂಕ ವಾಪಸ್ ಬಂದಿದೆ. ಮನೆಗೆ ಬಂದೋರೆಲ್ಲ "ಬಾಯಿ ಕಟ್ಟಿದ್ರೆ ಬರ್ತಿರ್ಲಿಲ್ಲ" ಅಂತ ಅವಳ ಮುಂದೇನೇ ಹೇಳ್ತಾರೆ, ಅವಳು ಈಗ ಮದುವೆ ಮುಂಜಿಗೂ ಬರೋದು ಬಿಟ್ಟಿದಾಳೆ, ನಂಗೆ ಅದೇ ಸಂಕಟ.

ಮೊನ್ನೆ ಯಾರೋ ಒಂದು ವಿಡಿಯೋ ಕಳಿಸಿದ್ರು, ಈ ಥರ ಹಾರ್ಮೋನ್ ಇಂಜೆಕ್ಷನ್‌ನಿಂದ ತೂಕ ಇಳಿದ್ರೆ ಕೊಬ್ಬಿನ ಜೀನ್ ಬದಲಾಗುತ್ತೆ ಅಂತ ಅದ್ರಲ್ಲಿ ಹೇಳ್ತಾರೆ. ಜೀನ್ ಬದಲಾಗೋದು ಅಂದ್ರೆ ಏನು? ಅದು ಮಕ್ಕಳಿಗೂ ಹೋಗುತ್ತಾ? ತೂಕ ವಾಪಸ್ ಬರ್ತಿರೋದು ಅದರಿಂದಾನಾ? ಅಕ್ಕನ ಮಗಳು ಇನ್ನೂ ಪಿಯುಸಿ, ಅವಳು ವಿಡಿಯೋ ನೋಡಿ ಹೆದರಿದಾಳೆ.

ಕೊರಟಗೆರೆ ಮೇಷ್ಟ್ರು

ಅಮ್ಮಾ ಸುಮ, ಹಾರ್ಮೋನು ಇಂಜೆಕ್ಷನ್ನು ಯಾವುದೂ ಬೇಡ. ನಾನು ರಿಟೈರ್ಡ್ ಆದ ಮೇಲೂ ಬೆಳಗ್ಗೆ ಐದಕ್ಕೆ ಎದ್ದು ನಡೀತೀನಿ, ಮಧ್ಯಾಹ್ನ ಒಂದು ಮುದ್ದೆ ಸೊಪ್ಪಿನ ಸಾರು, ರಾತ್ರಿ ಬೇಗ ಊಟ. ನಮ್ಮ ಕಾಲದಲ್ಲಿ ಹೊಲದ ಕೆಲಸ ಮಾಡೋರಿಗೆ ಈ ರೋಗವೇ ಇರಲಿಲ್ಲ. ಅಕ್ಕನಿಗೆ ಹೇಳು, ಮನಸ್ಸು ಗಟ್ಟಿ ಮಾಡಬೇಕು.

ಪಾವಗಡ ಮಂಜು

ಮೇಷ್ಟ್ರೇ ನಡಿಗೆ ಒಳ್ಳೇದೇ, ಯಾರೂ ಇಲ್ಲ ಅನ್ನಲ್ಲ. ಆದ್ರೆ ಮಂಡಿ ನೋವಿರೋ ಹೆಂಗಸಿಗೆ ಮನಸ್ಸು ಗಟ್ಟಿ ಮಾಡು ಅಂದ್ರೆ ಆ ಅಕ್ಕ ಮನೆಗೆ ಬಂದೋರ ಹತ್ರ ದಿನಾ ಕೇಳ್ತಿರೋದೇ ಅದು.

ಮಧುಗಿರಿ ಬೆಟ್ಟ

ಸುಮಕ್ಕ, ನಾನು ಮಧುಗಿರಿಯವನು, ಈಗ ಬೆಂಗಳೂರಲ್ಲಿ ಒಂದು ಲ್ಯಾಬಲ್ಲಿ ಕೊಬ್ಬಿನ ಅಂಗಾಂಶದ ಮೇಲೇನೇ ಕೆಲಸ ಮಾಡ್ತಿದೀನಿ. ಡಾಕ್ಟರ್ ಅಲ್ಲ, ಹಂಗಾಗಿ ಔಷಧಿ ಮತ್ತೆ ಶುರು ಮಾಡ್ಬೇಕಾ ಬೇಡ್ವಾ ಅನ್ನೋದನ್ನ ಅಕ್ಕನ ಡಾಕ್ಟ್ರನ್ನೇ ಕೇಳಿ. ಜೀನ್ ವಿಷ್ಯ ಹೇಳ್ತೀನಿ, ಉದ್ದ ಆಗುತ್ತೆ, ನಿಧಾನಕ್ಕೆ ಓದಿ.

ಮೊದಲು ಆ ಹುಡುಗಿಗೆ ಹೇಳಿ, ಇಂಜೆಕ್ಷನ್ ಜೀನ್‌ನ ಬದಲಾಯಿಸಲ್ಲ. ನಮ್ಮ ಮೈಯಲ್ಲಿ ಪ್ರೋಟೀನ್ ಮಾಡೋ ಜೀನ್‌ಗಳು ಸುಮಾರು 20,000 ಇವೆ, ಕಣ್ಣಿನ ಕೋಶದಲ್ಲೂ ಅವೇ ಕೊಬ್ಬಿನ ಕೋಶದಲ್ಲೂ ಅವೇ. ಬದಲಾಗೋದು ಯಾವ ಜೀನು ಎಷ್ಟು ಕೆಲಸ ಮಾಡ್ತಿದೆ ಅನ್ನೋದು. ನಮ್ಮ ಪಹಣಿ ಇದೆಯಲ್ಲ, ಸರ್ವೆ ನಂಬರು ವಿಸ್ತೀರ್ಣ ತಾತನ ಕಾಲದಿಂದ ಅದೇ ಇರುತ್ತೆ, ಆದ್ರೆ ಬೆಳೆ ಕಾಲಮ್ಮಲ್ಲಿ ಒಂದು ವರ್ಷ ರಾಗಿ ಒಂದು ವರ್ಷ ಕಡ್ಲೆಕಾಯಿ ಅಂತ ಬರುತ್ತೆ, ಹಂಗೆ. ಜೀನ್ ಕೆಲಸ ಮಾಡುವಾಗ ಅದರಿಂದ ಆರ್‌ಎನ್‌ಎ ಅಂತ ಒಂದು ನಕಲು ಬರುತ್ತೆ, ಆ ನಕಲು ಎಷ್ಟಿದೆ ಅಂತ ಅಳೆದ್ರೆ ಆ ಜೀನು ಎಷ್ಟು ಚುರುಕಾಗಿದೆ ಅಂತ ಗೊತ್ತಾಗುತ್ತೆ. ಆ ವಿಡಿಯೋದವರು ಹೇಳ್ಬೇಕಾಗಿದ್ದಿದ್ದು ಇದನ್ನ. ಕೊಬ್ಬಿನಲ್ಲಿ ಆಗೋ ಈ ಬದಲಾವಣೆ ತಾಯಿಯ ಅಂಡಾಣುವಿನ ಡಿಎನ್‌ಎ ಅಕ್ಷರಗಳನ್ನ ಮುಟ್ಟಲ್ಲ, ಅದೂ ಅಲ್ದೆ ಆ ಹುಡುಗಿ ಹುಟ್ಟಿ ಎಷ್ಟೋ ವರ್ಷ ಆದ್ಮೇಲೆ ಅಮ್ಮ ತಗೊಂಡ ಔಷಧಿ ಅದು, ಅವಳು ಹೆದರ್ಬೇಕಾದ ಕಾರಣವೇ ಇಲ್ಲ.

ಎರಡನೇದು, ಕೊಬ್ಬು ಅಂದ್ರೆ ಬರೀ ಎಣ್ಣೆ ತುಂಬ್ಕೊಂಡು ಸುಮ್ನೆ ಕೂತಿರೋದು ಅಂತ ಎಲ್ರೂ ತಿಳ್ಕೊಂಡಿದಾರೆ. ಅದು ಹಂಗಲ್ಲ, ಅದು ತಾನೇ ಹಾರ್ಮೋನ್ ಬಿಡುತ್ತೆ. 1949ರಲ್ಲಿ ಅಮೆರಿಕದ ಜಾಕ್ಸನ್ ಲ್ಯಾಬೊರೇಟರೀಲಿ ಒಂದು ಥರ ಇಲಿಗಳು ಕಂಡ್ವು, ಎಷ್ಟು ತಿಂದ್ರೂ ಹಸಿವು ತೀರಲ್ಲ, ಮಾಮೂಲಿ ಇಲಿಗಿಂತ ಮೂರು ಪಟ್ಟು ತೂಕ. ಡಗ್ಲಸ್ ಕೋಲ್ಮನ್ ಅನ್ನೋರು ಅಲ್ಲೇ ಇಂಥ ಇಲಿಗೂ ಮಾಮೂಲಿ ಇಲಿಗೂ ರಕ್ತ ಹರಿದಾಡೋ ಥರ ಜೋಡಿಸಿ ನೋಡಿದ್ರು, ದಪ್ಪ ಇಲಿ ತಿನ್ನೋದು ಕಮ್ಮಿ ಮಾಡ್ತು, ಅಂದ್ರೆ ರಕ್ತದಲ್ಲಿ ಬರ್ತಿರೋ ಯಾವ್ದೋ ಒಂದು ವಸ್ತು ಅದಕ್ಕೆ ಇಲ್ಲ ಅಂತ ಆಯ್ತು. ಆ ವಸ್ತುವಿನ ಜೀನನ್ನ ನ್ಯೂಯಾರ್ಕಿನ ರಾಕ್‌ಫೆಲರ್ ಯೂನಿವರ್ಸಿಟೀಲಿ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಹಿಡೀತು. ಹೆಸರು ಲೆಪ್ಟಿನ್. ಅದನ್ನ ಮಾಡೋದು ಕೊಬ್ಬಿನ ಕೋಶವೇ. ಕೊಬ್ಬು ಜಾಸ್ತಿ ಇದ್ರೆ ಜಾಸ್ತಿ ಲೆಪ್ಟಿನ್, ಅದು ಮೆದುಳಿಗೆ ಹೋಗಿ ಸಾಕಷ್ಟಿದೆ ಅಂತ ಹೇಳುತ್ತೆ.

ಈಗ ನಿಮ್ಮ ಪ್ರಶ್ನೆಗೆ ಹತ್ರ ಬರೋ ಪ್ರಯೋಗ. 2000ದಲ್ಲಿ ಫ್ರೀಡ್‌ಮನ್ ಅವರ ಲ್ಯಾಬಿನವರೇ ಇದನ್ನ ಮಾಡಿದ್ರು. ಲೆಪ್ಟಿನ್ ಇಲ್ಲದ ದಪ್ಪ ಇಲಿಗಳಲ್ಲಿ ಒಂದು ಗುಂಪಿಗೆ ಲೆಪ್ಟಿನ್ ಕೊಟ್ರು, ಅವು ತಿನ್ನೋದು ಕಮ್ಮಿ ಮಾಡಿದ್ವು. ಇನ್ನೊಂದು ಗುಂಪಿಗೆ ಲೆಪ್ಟಿನ್ ಕೊಡ್ಲಿಲ್ಲ, ಆದ್ರೆ ಮೊದಲ್ನೇ ಗುಂಪು ಎಷ್ಟು ತಿಂತೋ ಅಷ್ಟೇ ಅಳೆದು ಹಾಕಿದ್ರು. ಊಟ ಎರಡಕ್ಕೂ ಒಂದೇ. ಆಮೇಲೆ ಎರಡರ ಬಿಳಿ ಕೊಬ್ಬನ್ನೂ ತೆಗೆದು ಸಾವಿರಾರು ಜೀನ್‌ಗಳ ಚಟುವಟಿಕೆ ಒಟ್ಟಿಗೆ ಅಳೆದ್ರು. ಎರಡೂ ಒಂದೇ ಥರ ಇರ್ಲಿಲ್ಲ. ಕೊಬ್ಬು ತಯಾರಿಸೋ ಜೀನ್‌ಗಳನ್ನ ನಡೆಸೋ ಎಸ್‌ಆರ್‌ಇಬಿಪಿ-1 ಅನ್ನೋ ಒಂದು ಪ್ರೋಟೀನ್ ಇದೆ, ಅದರ ಕೈಕೆಳಗಿನ ಜೀನ್‌ಗಳು ಲೆಪ್ಟಿನ್ ಕೊಟ್ಟ ಇಲಿಗಳಲ್ಲಿ ಬೇರೆ ರೀತೀಲೇ ತಗ್ಗಿದ್ವು, ಬರೀ ಊಟ ಕಮ್ಮಿ ಮಾಡಿದ್ದಕ್ಕೆ ಆ ಬದಲಾವಣೆ ಲೆಕ್ಕಕ್ಕೆ ಸಿಗ್ತಿರ್ಲಿಲ್ಲ. ಅದಕ್ಕೂ ಮೊದಲೇ, 1996ರಲ್ಲೇ, ಅಷ್ಟೇ ತಿಂದ್ರೂ ಲೆಪ್ಟಿನ್ ಪಡೆದ ಇಲಿಗಳ ಕೊಬ್ಬು ಹೆಚ್ಚು ಕರಗುತ್ತೆ ಅಂತ ಇನ್ನೊಂದು ತಂಡ ತೋರಿಸಿತ್ತು.

ತಕ್ಕಡಿ ಮೇಲೆ ಒಂದೇ ನಂಬರ್ ಕಂಡ್ರೂ ಆ ತೂಕ ಯಾವ ದಾರೀಲಿ ಇಳೀತು ಅನ್ನೋದ್ರ ಮೇಲೆ ಕೊಬ್ಬಿನೊಳಗಿನ ಪರಿಸ್ಥಿತಿ ಬೇರೆ ಬೇರೆ ಇರುತ್ತೆ. ಈ ವಿಷ್ಯದಲ್ಲಿ ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋ ಮಾತು ಇದು. ಅಕ್ಕನ ವಿಷ್ಯಕ್ಕೆ ನಾಳೆ ಬರ್ತೀನಿ, ಈಗ ಕೆಲಸ ಇದೆ.

ತಿಪಟೂರು ತೆಂಗಿನ ತೋಟ

ತುಂಬಾ ಚೆನ್ನಾಗಿ ಹೇಳಿದ್ರಿ ಬ್ರೋ. ಹಂಗಾದ್ರೆ ಎಲ್ರಿಗೂ ಲೆಪ್ಟಿನ್ನೇ ಕೊಡ್ಬಹುದಲ್ವಾ, ಯಾಕೆ ಈ ಸೆಮಾಗ್ಲುಟೈಡ್, ಮೌಂಜಾರೊ ಇಂಜೆಕ್ಷನ್ ಎಲ್ಲ?

ಮಧುಗಿರಿ ಬೆಟ್ಟ

ಆಗ ಎಲ್ರೂ ಅದನ್ನೇ ಅಂದ್ಕೊಂಡಿದ್ರು. ಆದ್ರೆ ದಪ್ಪ ಇರೋ ಹೆಚ್ಚಿನ ಜನರಲ್ಲಿ ಲೆಪ್ಟಿನ್ ಆಗ್ಲೇ ಜಾಸ್ತಿ ಇರುತ್ತೆ, ಮೆದುಳು ಅದಕ್ಕೆ ಓಗೊಡಲ್ಲ, ಇನ್ನಷ್ಟು ಕೊಟ್ರೂ ಹೆಚ್ಚೇನೂ ಆಗಲ್ಲ. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಕೆಲವೇ ಮಕ್ಕಳಿದಾರೆ, ಅಂಥ ಇಬ್ಬರನ್ನ ಇಂಗ್ಲೆಂಡಲ್ಲಿ ಮೊದಲು ಗುರುತಿಸಿದ್ದು 1997ರಲ್ಲಿ, ಸದಾಫ್ ಫಾರೂಕಿ ಮತ್ತೆ ಸ್ಟೀಫನ್ ಒ'ರಾಹಿಲಿ ಇದ್ದ ಕೇಂಬ್ರಿಡ್ಜ್ ತಂಡ. ಲೆಪ್ಟಿನ್ ಕೊಟ್ಟ ಮೇಲೆ ಆ ಮಕ್ಕಳ ಹಸಿವೇ ತಹಬದಿಗೆ ಬಂತು. ಮೈಯಲ್ಲಿ ಕೊಬ್ಬೇ ಸರಿಯಾಗಿ ಬೆಳೆಯದ ಒಂದು ಅಪರೂಪದ ಕಾಯಿಲೆಗೂ 2014ರಲ್ಲಿ ಅಮೆರಿಕದಲ್ಲಿ ಲೆಪ್ಟಿನ್ ಔಷಧಿಗೆ ಒಪ್ಪಿಗೆ ಸಿಕ್ತು. ಅಷ್ಟಕ್ಕೆ ಅದರ ಉಪಯೋಗ.

ಔಷಧಿ ಅಂಗಡಿ ಲೋಕಿ

ಬಿ.ಎಚ್. ರಸ್ತೇಲಿ ಮೆಡಿಕಲ್ ಸ್ಟೋರಲ್ಲಿ ಕೆಲಸ ಮಾಡ್ತೀನಿ, ಎಲ್ರಿಗೂ ಒಂದು ವಿನಂತಿ. ಈ ಇಂಜೆಕ್ಷನ್‌ಗಳು ಬಂದ್ಮೇಲೆ ಚೀಟಿ ಇಲ್ದೆ ಇಂಜೆಕ್ಷನ್ ಚುಚ್ಚೋ ಪೆನ್ನು ಕೇಳ್ಕೊಂಡು ಬರೋರು ಜಾಸ್ತಿ ಆಗಿದಾರೆ, ಮದುವೆಗೆ ಮುಂಚೆ ಎರಡು ತಿಂಗಳಲ್ಲಿ ಇಳೀಬೇಕು ಅಂತ ಹುಡುಗೀರು ಕೇಳ್ತಾರೆ. ಕೊಡಲ್ಲ ಅಂದ್ರೆ ಬೈಕೊಂಡು ಹೋಗ್ತಾರೆ. ಇದು ಡಾಕ್ಟ್ರ ಚೀಟಿ ಮೇಲೆ ಮಾತ್ರ ಕೊಡೋ ಔಷಧಿ, ಮೊದಲು ಕಮ್ಮಿ ಡೋಸಿಂದ ಶುರು ಮಾಡಿ ನಿಧಾನಕ್ಕೆ ಏರಿಸ್ಬೇಕು, ಇಲ್ಲಾಂದ್ರೆ ವಾಂತಿ ಹೊಟ್ಟೆ ತೊಳಸೋದು ತಡೆಯಕ್ಕಾಗಲ್ಲ. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿ ಊತ ಇವೂ ಆಗಬಹುದು. ಥೈರಾಯ್ಡಿನ ಮೆಡುಲರಿ ಕ್ಯಾನ್ಸರ್ ಮನೇಲಿ ಯಾರಿಗಾದ್ರೂ ಇದ್ರೆ ಕೊಡಂಗಿಲ್ಲ. ಮಗು ಬೇಕು ಅಂತಿರೋರು ಸೆಮಾಗ್ಲುಟೈಡ್‌ನ ಎರಡು ತಿಂಗಳು ಮುಂಚೆನೇ ನಿಲ್ಲಿಸ್ಬೇಕು, ಮದುವೆಗೆ ಅಂತ ಕೇಳೋರಿಗೆ ಇದನ್ನ ಯಾರೂ ಹೇಳೇ ಇರಲ್ಲ. ಹೊಸ ಪೆನ್ನು 2ರಿಂದ 8 ಡಿಗ್ರೀಲಿ ಇರ್ಬೇಕು, ಫ್ರೀಜರಲ್ಲಿ ಇಟ್ಟು ಗಟ್ಟಿ ಆಯ್ತೋ ಮುಗೀತು, ಬಿಸಾಕ್ಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಪೆನ್ನನ್ನ ಬರೀ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಶಿರಾಕ್ಕೆ ಪಾವಗಡಕ್ಕೆ ಬಸ್ಸಲ್ಲಿ ತಗೊಂಡು ಹೋಗ್ತಾರೆ, ಐಸ್ ಪ್ಯಾಕ್ ಕೇಳಿ ಇಸ್ಕೊಳ್ಳಿ, ದಯವಿಟ್ಟು.

ಕೊರಟಗೆರೆ ಮೇಷ್ಟ್ರು

ಮಧುಗಿರಿಯ ತಮ್ಮಾ, ಪಹಣಿಯ ಮಾತು ಚೆನ್ನಾಗಿ ಮನಸ್ಸಿಗೆ ಹತ್ತಿತು. ಆದರೆ ಒಂದು ಕೇಳುತ್ತೇನೆ. ಇಲಿಯ ಕೊಬ್ಬಾದರೆ ತೆಗೆಯಬಹುದು, ಮನುಷ್ಯರ ಕೊಬ್ಬಿನಲ್ಲಿ ಜೀನು ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಗಪ್ಪಾ ಅಳೆಯುವುದು? ರಕ್ತ ತೆಗೆದರೆ ಗೊತ್ತಾಗುವುದಿಲ್ಲವೇ?

ಮಧುಗಿರಿ ಬೆಟ್ಟ

ಮೇಷ್ಟ್ರೇ ಒಳ್ಳೇ ಪ್ರಶ್ನೆ. ರಕ್ತದಲ್ಲಿ ಆಗಲ್ಲ, ಕೊಬ್ಬನ್ನೇ ತೆಗೀಬೇಕು. ಹೊಕ್ಕಳ ಪಕ್ಕ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಸೂಜೀಲಿ ಚೂರು ಕೊಬ್ಬು ತೆಗೀತಾರೆ, ಇಲ್ಲಾಂದ್ರೆ ಬೇರೆ ಆಪರೇಷನ್ ನಡೀವಾಗ ರೋಗಿ ಒಪ್ಪಿಗೆ ಕೊಟ್ಟಿದ್ರೆ ಹೊಟ್ಟೆ ಒಳಗಿನ ಕೊಬ್ಬಿನ ಚೂರು ಸಿಗುತ್ತೆ. ತೆಗೆದ ತಕ್ಷಣ ದ್ರವ ಸಾರಜನಕದಲ್ಲಿ ಹಾಕಿ ಗಟ್ಟಿ ಮಾಡ್ತೀವಿ, ತಡ ಮಾಡಿದ್ರೆ ಆರ್‌ಎನ್‌ಎ ಮುರಿದು ಹೋಗುತ್ತೆ. ಆಮೇಲೆ ಅದನ್ನ ಅರೆದು ಟ್ಯೂಬಲ್ಲಿ ಹಾಕಿ ಜೋರಾಗಿ ತಿರುಗಿಸಿದ್ರೆ ಮೇಲೆ ಎಣ್ಣೆ ಪದರ ಬಿಳಿಯಾಗಿ ಗಟ್ಟಿಯಾಗಿ ನಿಲ್ಲುತ್ತೆ, ನಮಗೆ ಬೇಕಾದ್ದು ಅದರ ಕೆಳಗಿನ ತಿಳಿ. ಪಿಪೆಟ್ಟಿನ ತುದೀನ ಆ ಪದರ ತೂರಿಸಿ ಇಳಿಸಿ ಎಣ್ಣೆ ಅಂಟದಂಗೆ ತಿಳಿ ಎಳ್ಕೊಬೇಕು, ಸ್ವಲ್ಪ ಎಣ್ಣೆ ಬಂದ್ರೂ ಸ್ಯಾಂಪಲ್ ಹಾಳು. ಲಿವರ್‌ನಲ್ಲಿ ಅಕ್ಕಿ ಕಾಳಷ್ಟು ಚೂರಿಂದ ಬರೋ ಆರ್‌ಎನ್‌ಎ ಕೊಬ್ಬಲ್ಲಿ ಎಷ್ಟೋ ಪಟ್ಟು ದೊಡ್ಡ ಚೂರು ಹಾಕಿದ್ರೂ ಬರಲ್ಲ, ಯಾಕಂದ್ರೆ ಕೋಶದ ಒಳಗೆಲ್ಲ ಎಣ್ಣೆನೇ ಇರುತ್ತೆ, ಕೋಶಕೇಂದ್ರ ಒಂದು ಪಕ್ಕಕ್ಕೆ ಒತ್ಕೊಂಡು ಕೂತಿರುತ್ತೆ. ಹಂಗೆ ಕೊಟ್ಟ ಪ್ರತಿಯೊಬ್ಬರ ಸ್ಯಾಂಪಲ್ಲೂ ನಮಗೆ ತುಂಬಾ ಅಮೂಲ್ಯ, ಕೊಟ್ಟೋರ ಮೇಲೆ ನಂಗೆ ದೊಡ್ಡ ಗೌರವ ಇದೆ.

ಹಂಗೆ ಅಳೆದಾಗ ದಪ್ಪ ಇದ್ದು ತೂಕ ಇಳಿಸಿದೋರಲ್ಲಿ ಕಾಣೋದು ಏನು ಅಂದ್ರೆ, ಲೆಪ್ಟಿನ್ ಜೀನಿನ ಚಟುವಟಿಕೆ ಇಳಿಯುತ್ತೆ. ಅಡಿಪೊನೆಕ್ಟಿನ್ ಅಂತ ಇನ್ನೊಂದು ಹಾರ್ಮೋನು ಕೊಬ್ಬಿಂದ ಬರುತ್ತೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಕ್ಕೆ ಬಿಡುತ್ತೆ, ಚೆನ್ನಾಗಿ ತೂಕ ಇಳಿದ್ರೆ ಅದು ರಕ್ತದಲ್ಲಿ ಏರುತ್ತೆ. ಇನ್ನೊಂದು, ದಪ್ಪ ಇರೋರ ಕೊಬ್ಬಿನಲ್ಲಿ ಮ್ಯಾಕ್ರೊಫೇಜ್ ಅನ್ನೋ ರಕ್ಷಣಾ ಕೋಶಗಳು ತುಂಬ್ಕೊಂಡಿರ್ತವೆ, ಅವು ಸಣ್ಣಗೆ ಉರಿಯೂತ ಎಬ್ಬಿಸ್ತಾ ಇರ್ತವೆ, ತೂಕ ಇಳಿದು ನಿಂತ ಮೇಲೆ ಆ ಉರಿಯೂತದ ಜೀನ್‌ಗಳೂ ತಗ್ಗುತ್ತವೆ. ಶುಗರ್ ಹತೋಟಿಗೆ ಬರೋದ್ರಲ್ಲಿ ಇವೆಲ್ಲ ಸೇರಿವೆ. ಅಕ್ಕನಿಗೂ ಇಂಜೆಕ್ಷನ್ ತಗೊಳ್ಳುವಾಗ ಶುಗರ್ ಇಳಿದಿತ್ತಾ ಸುಮಕ್ಕ?

ಬಟವಾಡಿ ಸುಮ

ಹೌದು ತಮ್ಮ, ಮಾತ್ರೆ ಒಂದು ಕಮ್ಮಿ ಮಾಡಿದ್ರು ಡಾಕ್ಟ್ರು. ಈಗ ಮತ್ತೆ ಶುರು ಮಾಡಿದಾರೆ. ನೀವು ಹೇಳಿದ್ದೆಲ್ಲ ಅಮ್ಮನಿಗೆ ಓದಿ ಹೇಳ್ದೆ, ಪಹಣಿ ವಿಷ್ಯ ಅಮ್ಮನಿಗೂ ತಿಳೀತು. ಅವರ ಪ್ರಶ್ನೆ ಒಂದೇ, ಅಷ್ಟೆಲ್ಲ ಒಳ್ಳೇದಾಗಿದ್ರೆ ನಿಲ್ಲಿಸಿದ್ಮೇಲೆ ಯಾಕೆ ಉಳೀಲಿಲ್ಲ ಅಂತ.

ಮಧುಗಿರಿ ಬೆಟ್ಟ

ಅಮ್ಮನ ಪ್ರಶ್ನೆಗೆ ಮೂರು ಕಡೆಯಿಂದ ಉತ್ತರ ಇದೆ.

ಸೆಮಾಗ್ಲುಟೈಡ್ ಅಂದ್ರೆ ಜಿಎಲ್‌ಪಿ-1 ಅನ್ನೋ ಕರುಳಿನ ಹಾರ್ಮೋನಿನ ಥರ ಕೆಲಸ ಮಾಡೋದು. ಊಟ ಮಾಡಿದಾಗ ಕರುಳಿಂದ ಬರೋ ಸ್ವಂತ ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷ ಇದ್ದು ಒಡೆದು ಹೋಗುತ್ತೆ, ಔಷಧಿಯದು ಅರ್ಧಕ್ಕೆ ಇಳಿಯಕ್ಕೇ ಒಂದು ವಾರ ಬೇಕು, ಅದಕ್ಕೇ ವಾರಕ್ಕೊಂದು ಚುಚ್ಚೋದು. ಇದು ಹೆಚ್ಚಾಗಿ ಕೆಲಸ ಮಾಡೋದು ಮೆದುಳಿನ ಹಸಿವಿನ ಜಾಗದಲ್ಲಿ, ಹೊಟ್ಟೆ ಖಾಲಿ ಆಗೋದನ್ನೂ ನಿಧಾನ ಮಾಡುತ್ತೆ. ಮನುಷ್ಯರ ಕೊಬ್ಬಿನ ಕೋಶದ ಮೇಲೆ ಇದನ್ನ ಹಿಡಿಯೋ ಗ್ರಾಹಕ, ಅಂದ್ರೆ ಹಾರ್ಮೋನ್ ಬಂದು ಅಂಟೋ ರಿಸೆಪ್ಟರ್ ಅನ್ನೋ ಪ್ರೋಟೀನ್, ತೀರಾ ಕಮ್ಮಿ, ಹಂಗಾಗಿ ಕೊಬ್ಬಿನ ಜೀನ್‌ಗಳಲ್ಲಿ ಆಗೋ ಬದಲಾವಣೆ ಬಹುಪಾಲು ಸುತ್ತು ಬಳಸಿ ಬಂದದ್ದು, ಊಟ ಕಮ್ಮಿ ಆಗಿ, ಇನ್ಸುಲಿನ್ ಇಳಿದು. ಮೌಂಜಾರೊ ಅಂತ 2025ರ ಮಾರ್ಚಲ್ಲಿ ನಮ್ಮ ದೇಶಕ್ಕೆ ಬಂತಲ್ಲ, ಟಿರ್ಜೆಪಟೈಡ್, ಅದು ಜಿಎಲ್‌ಪಿ-1 ಜೊತೆ ಜಿಐಪಿ ಅನ್ನೋ ಇನ್ನೊಂದು ಕರುಳಿನ ಹಾರ್ಮೋನಿನ ಕೆಲಸನೂ ಮಾಡುತ್ತೆ. ಜಿಐಪಿ ಗ್ರಾಹಕ ಕೊಬ್ಬಿನ ಕೋಶದ ಮೇಲೇ ಇದೆ. ಹಂಗಾಗಿ ಅದು ಕೊಬ್ಬಿನ ಜೊತೆ ನೇರವಾಗೂ ಮಾತಾಡಬಲ್ಲದು. ಎರಡೂ ವಾರಕ್ಕೊಂದು ಚುಚ್ಚೋ ಪೆನ್ನೇ ಆದ್ರೂ ಒಳಗಡೆ ದಾರಿ ಒಂದೇ ಅಲ್ಲ.

ನಿಲ್ಲಿಸಿದ ಮೇಲೆ ತೂಕ ಬರೋದು ನಿಮ್ಮಕ್ಕನಿಗೆ ಮಾತ್ರ ಆಗಿದ್ದಲ್ಲ, ಇದನ್ನ ಮನೆಗೆ ಬರೋ ನೆಂಟರಿಗೆಲ್ಲ ಹೇಳಿ. 2021ರಲ್ಲಿ ಪ್ರಕಟವಾದ ಸೆಮಾಗ್ಲುಟೈಡಿನ ದೊಡ್ಡ ಟ್ರಯಲ್ಲಲ್ಲಿ 1,961 ಜನ ಇದ್ರು, ಔಷಧಿ ತಗೊಂಡೋರು 68 ವಾರದಲ್ಲಿ ಸರಾಸರಿ ನೂರಕ್ಕೆ 14.9ರಷ್ಟು ತೂಕ ಇಳಿಸಿದ್ರು. ಆಮೇಲೆ ಔಷಧಿ ನಿಲ್ಲಿಸಿ ಕೆಲವರನ್ನ ಒಂದು ವರ್ಷ ಗಮನಿಸಿದ್ರು, ಇಳಿದಿದ್ದರಲ್ಲಿ ಮೂರರಲ್ಲಿ ಎರಡು ಭಾಗ ವಾಪಸ್ ಬಂತು. ಅವರೆಲ್ಲ ಬಾಯಿ ಕಟ್ಟಲಾರದೋರಾ? ಅಲ್ಲ. ಔಷಧಿ ಇಲ್ಲದೆ ಊಟ ಬಿಟ್ಟು ಇಳಿಸಿದೋರಲ್ಲೂ ಇದೇ ಆಗುತ್ತೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರಿಗೆ ಹತ್ತು ವಾರ ತೀರಾ ಕಮ್ಮಿ ಊಟ ಕೊಟ್ಟು ತೂಕ ಇಳಿಸಿ ನೋಡಿದ್ರು, 2011ರಲ್ಲಿ ಪ್ರಕಟ ಆಯ್ತು, ಒಂದು ವರ್ಷ ಕಳೆದ ಮೇಲೂ ಅವರ ಲೆಪ್ಟಿನ್ ಕೆಳಗೇ ಇತ್ತು, ಹಸಿವಿನ ಹಾರ್ಮೋನ್ ಗ್ರೆಲಿನ್ ಮೇಲೇ ಇತ್ತು, ಹಸಿವೂ ಜಾಸ್ತಿನೇ ಇತ್ತು. ಕೊಬ್ಬು ಕಮ್ಮಿ ಆಯ್ತು, ಲೆಪ್ಟಿನ್ ಜೀನ್ ತಗ್ಗಿತು, ಮೆದುಳಿಗೆ ಬರಗಾಲ ಬಂದಿದೆ ಅಂತ ಸುದ್ದಿ ಹೋಯ್ತು. ಇಂಜೆಕ್ಷನ್ ಇರೋವರೆಗೂ ಆ ಹಸಿವನ್ನ ಅದು ತಡೆದು ಹಿಡಿದಿತ್ತು, ನಿಲ್ಲಿಸಿದ ಮೇಲೆ ಔಷಧಿ ಮೈಯಿಂದ ಇಳೀತಾ ಹೋದಂಗೆ ಹಸಿವು ಪೂರ್ತಿ ಬಲದಲ್ಲಿ ಬಂತು.

ಮೂರನೇದು ನಂಗೆ ತುಂಬಾ ಮನಸ್ಸಿಗೆ ನಾಟಿದ್ದು. ಕೊಬ್ಬಿನ ಕೋಶಗಳ ಸಂಖ್ಯೆ. ಸ್ವೀಡನ್ನಿನ ಕರೋಲಿನ್ಸ್ಕಾ ಇನ್‌ಸ್ಟಿಟ್ಯೂಟಲ್ಲಿ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತೆ ಅವರ ಜೊತೆಯವರು 2008ರಲ್ಲಿ ಇದನ್ನ ಲೆಕ್ಕ ಹಾಕಿದ್ರು, ಹೆಂಗೆ ಅಂದ್ರೆ 1950-60ರ ದಶಕದಲ್ಲಿ ಬಯಲಲ್ಲಿ ಅಣುಬಾಂಬ್ ಪರೀಕ್ಷೆ ಮಾಡ್ತಿದ್ರಲ್ಲ, ಆಗ ಗಾಳಿಗೆ ಸೇರಿದ ಕಾರ್ಬನ್-14 ಅನ್ನೋ ಒಂದು ಥರ ವಿಕಿರಣ ಇಂಗಾಲ ಗಿಡಗಳಿಗೆ ಹೋಗಿ ಊಟದಿಂದ ನಮ್ಮ ಡಿಎನ್‌ಎಗೂ ಸೇರ್ತು, ಒಂದು ಕೋಶದ ಡಿಎನ್‌ಎಲಿ ಅದು ಎಷ್ಟಿದೆ ಅಂತ ನೋಡಿದ್ರೆ ಆ ಕೋಶ ಯಾವ ಕಾಲದಲ್ಲಿ ಹುಟ್ಟಿತು ಅಂತ ಹೇಳ್ಬಹುದು. ಅದರಿಂದ ಗೊತ್ತಾಗಿದ್ದು, ದೊಡ್ಡೋರಾದ ಮೇಲೆ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ವರ್ಷಕ್ಕೆ ಸುಮಾರು ನೂರಕ್ಕೆ ಹತ್ತು ಸತ್ತು ಅಷ್ಟೇ ಹೊಸದು ಹುಟ್ಟುತ್ತೆ. ಹೊಟ್ಟೆ ಆಪರೇಷನ್ ಮಾಡಿಸ್ಕೊಂಡು ತುಂಬಾ ತೂಕ ಇಳಿಸಿದೋರಲ್ಲೂ ಕೋಶ ಸಣ್ಣ ಆಯ್ತೇ ಹೊರತು ಸಂಖ್ಯೆ ಇಳೀಲಿಲ್ಲ.

ಆ ಸಣ್ಣ ಆದ ಕೋಶಗಳು ಹಿಂದಿನದನ್ನ ಮರೆತಿರಲ್ಲ. 2024ರ ನವೆಂಬರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನ ಫರ್ಡಿನಾಂಡ್ ಫಾನ್ ಮಾಯೆನ್ ತಂಡ ಇದನ್ನ ತೋರಿಸ್ತು. ಹೊಟ್ಟೆ ಆಪರೇಷನ್‌ಗೆ ಮುಂಚೆ ಒಂದ್ಸಲ, ಎರಡು ವರ್ಷ ಆದ್ಮೇಲೆ ಇನ್ನೊಂದ್ಸಲ ಅದೇ ಜನರ ಕೊಬ್ಬು ನೋಡಿದ್ರು, ತೂಕ ಚೆನ್ನಾಗಿ ಇಳಿದಿತ್ತು, ಆದ್ರೂ ಎಷ್ಟೋ ಜೀನ್‌ಗಳು ಇನ್ನೂ ಹಳೇ ಹದದಲ್ಲೇ ಇದ್ವು. ಇಲಿಗಳಲ್ಲಿ ಇನ್ನೂ ಒಳಗೆ ಹೋಗಿ ನೋಡಿದಾಗ ಡಿಎನ್‌ಎ ಸುತ್ತಿರೋ ಪ್ರೋಟೀನುಗಳ ಮೇಲಿನ ರಾಸಾಯನಿಕ ಗುರುತುಗಳು ದಪ್ಪ ಇದ್ದಾಗಿನ ಥರವೇ ಉಳಿದಿದ್ವು, ಅಂಥ ಇಲಿಗಳಿಗೆ ಮತ್ತೆ ಜಿಡ್ಡಿನ ಊಟ ಕೊಟ್ರೆ ಯಾವತ್ತೂ ದಪ್ಪ ಆಗದ ಇಲಿಗಳಿಗಿಂತ ಬೇಗ ದಪ್ಪ ಆದ್ವು. ಅಕ್ಷರ ಬದಲಾಗಿಲ್ಲ, ಮೇಲೆ ಬಿದ್ದ ಗುರುತು ಹೋಗಿಲ್ಲ.

ಅಕ್ಕ ತಿನ್ನೋದು ಈಗ ಜಾಸ್ತಿ ಆಗಿರ್ಬಹುದು, ಆದ್ರೆ ಅದು ಅವಳ ಗುಣದ ದೋಷ ಅಲ್ಲ. ದಯವಿಟ್ಟು ಇದನ್ನ ಅವಳಿಗೆ ನೇರವಾಗಿ ಹೇಳಿ.

ಶಿರಾ ಗೀತಾ

ಇದನ್ನ ಓದಿ ಕಣ್ಣಲ್ಲಿ ನೀರು ಬಂತು. ನಾನು ಬೆಂಗಳೂರಲ್ಲಿ ಹೊಟ್ಟೆ ಬೈಪಾಸ್ ಆಪರೇಷನ್ ಮಾಡಿಸ್ಕೊಂಡಿದೀನಿ. ಮೊದಲ ವರ್ಷ ಹಸಿವೇ ಇರ್ತಿರ್ಲಿಲ್ಲ, ಅವರೆ ಕಾಲದಲ್ಲಿ ಮನೆ ತುಂಬ ಹಿತಕಿದ ಬೇಳೆ ಸಾರಿನ ವಾಸನೆ ಇದ್ರೂ ಎರಡು ತುತ್ತಿಗೆ ಸಾಕು ಅನ್ಸೋದು. ಈಗ ಸ್ವಲ್ಪ ವಾಪಸ್ ಬಂದಿದೆ, ಎಲ್ಲ ಅಲ್ಲ. ಅಷ್ಟು ಖರ್ಚು ಮಾಡಿ ಮತ್ತೆ ತಿಂದು ಕೂತ್ಲು ಅಂತ ನಮ್ಮತ್ತೆ ಮನೇಲಿ ಅಂದಿದ್ದು ಇನ್ನೂ ಮನಸ್ಸಲ್ಲಿದೆ. ಆಪರೇಷನ್ ಆದ್ಮೇಲೆ ಹಸಿವು ಹೋಗಿದ್ದು ಯಾಕೆ, ಬರೀ ಹೊಟ್ಟೆ ಸಣ್ಣ ಆಗಿದ್ದಕ್ಕಾ?

ಮಧುಗಿರಿ ಬೆಟ್ಟ

ಅಷ್ಟಕ್ಕೇ ಅಲ್ಲ ಗೀತಕ್ಕ. ಬೈಪಾಸ್ ಆದ್ಮೇಲೆ ಊಟ ಬೇಗ ಕರುಳಿನ ಕೆಳಭಾಗ ಸೇರುತ್ತೆ, ಜಿಎಲ್‌ಪಿ-1 ಮಾಡೋ ಕೋಶಗಳು ಅಲ್ಲಿ ಜಾಸ್ತಿ, ಹಂಗಾಗಿ ಪ್ರತಿ ಊಟಕ್ಕೂ ನಿಮ್ಮ ಕರುಳೇ ಮೊದಲಿಗಿಂತ ಎಷ್ಟೋ ಪಟ್ಟು ಜಿಎಲ್‌ಪಿ-1 ಬಿಡುತ್ತೆ. ಅದೂ ಒಂಥರ ಹಾರ್ಮೋನಿಂದ ಇಳಿದ ತೂಕವೇ. ನೀವು ಉಳಿಸ್ಕೊಂಡಿರೋದು ದೊಡ್ಡದು, ಆಡೋರು ಆಡ್ಲಿ.

ಕ್ಯಾತ್ಸಂದ್ರ ರಘು

ನಂದು ಉಲ್ಟಾ ಕೇಸು. ಸಣಕಲ, ಪ್ಯಾಂಟ್ ನಿಲ್ಲಕ್ಕೆ ಬೆಲ್ಟ್ ಬೇಕು, ಆದ್ರೂ ಮೂವತ್ತೈದಕ್ಕೆ ಶುಗರ್ ಬಂತು. ದಪ್ಪ ಇದ್ರೆ ತಾನೆ ಕೊಬ್ಬಿನ ತೊಂದ್ರೆ? ನಮ್ಮಂಥೋರಿಗೆ ಈ ಜೀನ್ ಕಥೆ ಅನ್ವಯಿಸುತ್ತಾ?

ಮಧುಗಿರಿ ಬೆಟ್ಟ

ರಘು, ನಮ್ಮ ದೇಶದೋರಿಗೆ ಇದು ತುಂಬಾ ಅನ್ವಯಿಸುತ್ತೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತೆ ಇಂಗ್ಲೆಂಡಿನ ಜಾನ್ ಯೂಡ್ಕಿನ್ ತಮ್ಮಿಬ್ಬರದೇ ಫೋಟೋ ಹಾಕಿ ಬರೆದ್ರು. ಇಬ್ಬರ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕಂಗೆ ತೂಕ ಎಷ್ಟು ಅನ್ನೋ ಲೆಕ್ಕ, ಒಂದೇ, 22.3. ಆದ್ರೆ ಮೈಯಲ್ಲಿರೋ ಕೊಬ್ಬು ಯೂಡ್ಕಿನ್ ಅವರದು ನೂರಕ್ಕೆ 9.1, ಯಾಜ್ಞಿಕ್ ಅವರದು 21.2. ಅದಕ್ಕೇ ನಮಗೆ ಬಿಎಂಐ 23ರಿಂದಲೇ ಜಾಸ್ತಿ ತೂಕ, 25ರಿಂದ ಬೊಜ್ಜು ಅಂತ ಲೆಕ್ಕ, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ರೆ ಎಚ್ಚರ. ಚರ್ಮದ ಕೆಳಗಿನ ಕೊಬ್ಬು ಹಿಡಿಯೋ ಅಷ್ಟು ಹಿಡಿದು ಸಾಕಾದ್ರೆ ಮಿಕ್ಕಿದ್ದು ಲಿವರ್‌ಗೆ, ಹೊಟ್ಟೆ ಒಳಕ್ಕೆ ಹೋಗುತ್ತೆ, ತೊಂದ್ರೆ ಶುರು ಆಗೋದು ಅಲ್ಲಿ. ತಕ್ಕಡಿ ಬಿಟ್ಟು ಟೇಪ್ ಹಿಡಿದು ಹೊಟ್ಟೆ ಅಳ್ಕೊಳ್ಳಿ. ಸಣ್ಣ ಇರೋರಿಗೆ ಬರೋ ಶುಗರ್‌ಗೆ ಬೇರೆ ಕಾರಣನೂ ಇರುತ್ತೆ, ಡಾಕ್ಟ್ರ ಹತ್ರ ಕೇಳಿ.

ಕೊರಟಗೆರೆ ಮೇಷ್ಟ್ರು

ಎಲ್ಲವನ್ನೂ ಎರಡು ಸಲ ಓದಿದೆ. ಸುಮಾ, ನಿನ್ನ ಅಕ್ಕನನ್ನು ನಾನು ನೋಡಿಲ್ಲ, ಆದರೂ ಆ ಮಗುವಿಗೆ ಯಾರೂ ಬಾಯಿ ಕಟ್ಟು ಅನ್ನಬಾರದು. ಆದರೂ ತಮ್ಮಾ, ನಡಿಗೆಗೂ ಊಟಕ್ಕೂ ಏನೂ ಬೆಲೆ ಇಲ್ಲ ಅಂತ ಹುಡುಗರು ತಿಳಿದುಕೊಳ್ಳಬಾರದು. ಅದನ್ನೂ ಹೇಳು.

ಮಧುಗಿರಿ ಬೆಟ್ಟ

ಖಂಡಿತ ಮೇಷ್ಟ್ರೇ. ಹಸಿವು ಕಮ್ಮಿ ಆಗಿ ತೂಕ ಬೇಗ ಇಳಿವಾಗ ಕೊಬ್ಬಿನ ಜೊತೆ ಮಾಂಸಖಂಡನೂ ಹೋಗುತ್ತೆ, ಅದನ್ನ ಉಳಿಸ್ಕೊಳ್ಳಕ್ಕೆ ಭಾರ ಎತ್ತೋ ವ್ಯಾಯಾಮ ಬೇಕು, ಕಾಳು ಮೊಟ್ಟೆ ಹಾಲು ಮೊಸರು ಸಾಕಷ್ಟು ತಿನ್ಬೇಕು. ಇಂಜೆಕ್ಷನ್ ತಗೊಳ್ಳೋ ಹೊತ್ತಲ್ಲಿ ಮುದ್ದೆ ಸಣ್ಣ ಆದ್ರೂ ಪಕ್ಕದಲ್ಲಿ ಹುರುಳಿಕಾಳು ಸಾರು ಗಟ್ಟಿಯಾಗಿರ್ಲಿ. ತೂಕ ಇಳಿದ ಮೇಲೆ ಅದನ್ನ ಉಳಿಸ್ಕೊಳ್ಳೋದ್ರಲ್ಲೂ ವ್ಯಾಯಾಮದ್ದು ದೊಡ್ಡ ಪಾಲು. ಮಂಡಿ ನೋವಿರೋರು ಅಮಾನಿಕೆರೆ ಸುತ್ತಲೇಬೇಕು ಅಂತೇನಿಲ್ಲ, ಕುರ್ಚೀಲಿ ಕೂತ್ಕೊಂಡು ಕಾಲು ನೀಟಿ ಎತ್ತೋದರಿಂದ ಶುರು ಮಾಡ್ಬಹುದು, ಫಿಸಿಯೋಥೆರಪಿಯವರು ತೋರಿಸಿಕೊಡ್ತಾರೆ.

ತಿಪಟೂರು ತೆಂಗಿನ ತೋಟ

ಕೊಬ್ಬಿಗೆ ಆ ನೆನಪು ಸಾಯೋವರೆಗೂ ಇರುತ್ತಾ ಹಂಗಾದ್ರೆ?

ಮಧುಗಿರಿ ಬೆಟ್ಟ

ಮೇಲೆ ಹೇಳಿದ ಲೆಕ್ಕ ನೋಡಿ, ವರ್ಷಕ್ಕೆ ನೂರಕ್ಕೆ ಹತ್ತು ಕೋಶ ಹೊಸದಾಗುತ್ತೆ. ಇಳಿದ ತೂಕದಲ್ಲೇ ಬಹಳ ವರ್ಷ ನಿಂತ್ರೆ ಹಳೇ ಗುರುತಿರೋ ಕೋಶಗಳು ಹೋಗಿ ಗುರುತಿಲ್ಲದೋವು ಬರ್ಬಹುದು ಅನ್ನೋದು ಒಂದು ಆಸೆ, ಮನುಷ್ಯರಲ್ಲಿ ಅದನ್ನ ಸಾಬೀತು ಮಾಡೋ ಕೆಲಸ ಇನ್ನೂ ಆಗ್ಬೇಕು. ನಂಗೆ ಈ ಕೆಲಸದ ಮೇಲೆ ಇಷ್ಟು ಪ್ರೀತಿ ಇರೋದೂ ಅದಕ್ಕೇ. ಅಲ್ಲಿವರೆಗೂ ತೂಕ ಇಳಿಸೋದನ್ನ ಆರು ತಿಂಗಳ ಕೋರ್ಸ್ ಅಂತ ಯೋಚನೆ ಮಾಡ್ಬೇಡಿ, ಬಿಪಿ ಮಾತ್ರೆ ಥರ ವರ್ಷಗಟ್ಲೆ ವಿಷ್ಯ ಅಂತ್ಲೇ ಡಾಕ್ಟ್ರ ಹತ್ರ ಮೊದಲ್ನೇ ದಿನ ಮಾತಾಡಿ, ಖರ್ಚು ಎಷ್ಟು ದಿನ ತಡೆಯುತ್ತೆ ಅನ್ನೋದನ್ನೂ ನಾಚ್ಕೆ ಇಲ್ದೆ ಹೇಳಿ. ಸೆಮಾಗ್ಲುಟೈಡಿನ ಪೇಟೆಂಟ್ ನಮ್ಮ ದೇಶದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ, ಅದು ಮುಗಿದ ಮೇಲೆ ಬೇರೆ ಕಂಪನಿಯವರೂ ಮಾಡಬಹುದು, ಯಾವುದು ಅಕ್ಕನಿಗೆ ಸರಿ, ಕೈಗೆಟುಕೋ ಬೆಲೇಲಿ ಏನಿದೆ ಅಂತ ಡಾಕ್ಟ್ರನ್ನೇ ಕೇಳಿ.

ಬಟವಾಡಿ ಸುಮ

ನಿನ್ನೆ ಗುಬ್ಬಿಗೆ ಹೋಗಿ ಅಕ್ಕನ ಪಕ್ಕ ಕೂತು ಇದೆಲ್ಲ ಓದಿ ಹೇಳಿ ಬಂದೆ. ಅಣುಬಾಂಬ್ ವಿಷ್ಯನ ಅವಳ ಮಗಳು ಬರ್ಕೊಂಡ್ಲು, ಕಾಲೇಜಲ್ಲಿ ಲೆಕ್ಚರರ್ ಹತ್ರ ಕೇಳ್ತಾಳಂತೆ. ಸೋಮವಾರ ಡಾಕ್ಟ್ರ ಹತ್ರ ಹೋಗ್ತಿದೀವಿ, ನಾನೂ ಜೊತೆಗೆ ಹೋಗ್ತೀನಿ. ಅಕ್ಕನ ಫ್ರಿಜ್ಜಲ್ಲಿ ಹಳೇ ಪೆನ್ನಲ್ಲಿ ಇನ್ನೂ ಸ್ವಲ್ಪ ಔಷಧಿ ಉಳಿದಿದೆ, ಸೋಮವಾರದವರೆಗೂ ಯಾಕೆ ಕಾಯೋದು ಅದನ್ನೇ ಹಾಕ್ಕೊಳ್ಲಾ ಅಂತ ಕೇಳ್ತಿದಾಳೆ.

ಔಷಧಿ ಅಂಗಡಿ ಲೋಕಿ

ಬೇಡ ಅಕ್ಕ, ಖಂಡಿತ ಬೇಡ. ತೆರೆದ ಪೆನ್ನು ಇಷ್ಟೇ ವಾರ ಇಡಬಹುದು ಅಂತ ಪ್ಯಾಕೆಟ್ ಮೇಲೇ ಬರೆದಿರುತ್ತೆ, ಅದು ಯಾವತ್ತೋ ಮುಗಿದಿರುತ್ತೆ. ಅದೂ ಅಲ್ದೆ ಇಷ್ಟು ದಿನ ಬಿಟ್ಟ ಮೇಲೆ ನಿಲ್ಲಿಸಿದಾಗಿನ ದೊಡ್ಡ ಡೋಸನ್ನೇ ಒಂದೇ ಸಲ ಹಾಕ್ಕೊಂಡ್ರೆ ವಾಂತಿ ಆಗಿ ಗ್ಲೂಕೋಸ್ ಏರಿಸೋ ಪರಿಸ್ಥಿತಿ ಬರುತ್ತೆ, ಡಾಕ್ಟ್ರು ಮತ್ತೆ ಸಣ್ಣ ಡೋಸಿಂದಾನೇ ಶುರು ಮಾಡಿಸ್ತಾರೆ. ಆ ಪೆನ್ನನ್ನ ಸೋಮವಾರ ಹೋಗುವಾಗ ಹಂಗೇ ತಗೊಂಡು ಹೋಗಿ ತೋರಿಸಿ, ಯಾವ ಡೋಸಲ್ಲಿ ನಿಲ್ಲಿಸಿದ್ರು ಅಂತ ಅವರಿಗೂ ಗೊತ್ತಾಗುತ್ತೆ. ಸೂಜಿ ತೆಗೆದು ಗಟ್ಟಿ ಡಬ್ಬೀಲಿ ಹಾಕಿ ಮುಚ್ಚಿ, ಪೆನ್ನಿಗೆ ಕ್ಯಾಪ್ ಹಾಕ್ಕೊಂಡು ಹೋಗಿ.